ಅಂಗುಳದ ಚರಿತ್ರೆ: ಹೇಮಾವತಿಯ ಕಲ್ಲಿನಿಂದ ರೊದ್ದಂನ ಮಾತಿಗೆ

ಅಂಗುಳದ ವಿಚಾರ ಬಂದರೆ ಅದು ಹಲ್ಲಿನ ವೈದ್ಯರ ಪಾಲಿನದು ಎಂದು ಬಿಟ್ಟುಬಿಡುವುದೇ ಹೆಚ್ಚು. ಆದರೆ ನಮ್ಮಲ್ಲಿ ಅದನ್ನು ಮೊದಲು ವಿವರವಾಗಿ ಗುರುತಿಸಿದವರಲ್ಲಿ ವೈಯಾಕರಣರೂ ಇದ್ದರು. ಸುಶ್ರುತ ಸಂಹಿತೆ ಅಂಗುಳಕ್ಕೆ ಬರುವ ಒಂಬತ್ತು ರೋಗಗಳನ್ನು ಹೇಳಿ, ಊದಿಕೊಂಡ ಕಿರುನಾಲಿಗೆಯನ್ನು ಕತ್ತರಿಸುವ ಬಗೆಯನ್ನೂ ವಿವರಿಸುತ್ತದೆ. ವೈಯಾಕರಣರಿಗೆ ಬೇಕಾಗಿದ್ದುದು ರೋಗವಲ್ಲ, ನಾಲಿಗೆ ತಾಗುವ ಜಾಗ. ಹಲ್ಲಿನ ಬಳಿ ತವರ್ಗ, ಗಟ್ಟಿ ಅಂಗುಳದಲ್ಲಿ ಚವರ್ಗ, ನಾಲಿಗೆಯ ತುದಿ ಮೇಲಕ್ಕೆ ಮಡಚಿದಾಗ ಟವರ್ಗ, ಹಿಂದಿನ ಮೆದು ಭಾಗದತ್ತ ಕವರ್ಗ ಎಂದು ಅವರು ಬಾಯೊಳಗನ್ನು ಹಂಚಿದರು. ಇಂದಿನ ಅಂಗರಚನಾಶಾಸ್ತ್ರದ ವಿಂಗಡಣೆ ಇದಕ್ಕೆ ತೀರ ದೂರವಿಲ್ಲ. ಮುಂದೆ ಮೇಲ್ದವಡೆಯ ಮೂಳೆ, ಅದರ ಹಿಂದೆ ಅಂಗುಳದ ಮೂಳೆಗಳು ಕೂಡಿ ಗಟ್ಟಿ ಅಂಗುಳವಾಗುತ್ತದೆ. ಬಾಚಿಹಲ್ಲುಗಳ ಹಿಂದೆ ಸಣ್ಣ ಉಬ್ಬು, ಅಡ್ಡಡ್ಡ ಸುಕ್ಕುಗಳು, ನಡುವೆ ಉದ್ದಗೆರೆ. ಕೊನೆಗೆ ಮೂಳೆಯಿಲ್ಲದ ಮೆದು ಅಂಗುಳ ಮತ್ತು ಕಿರುನಾಲಿಗೆ.

ಟವರ್ಗವನ್ನು ‘ಮೂರ್ಧನ್ಯ’ವೆಂದು ತಲೆಗೆ ಸೇರಿಸಿದವರ ಮಾತು ಅಂಗರಚನೆ ಹೇಗಾದೀತು ಎಂದು ಆಕ್ಷೇಪಿಸಬಹುದು. ಹೆಸರು ಸಡಿಲವೇ ಸರಿ, ಗಮನ ಸಡಿಲವಲ್ಲ. ಕನ್ನಡ, ತೆಲುಗು ಎರಡೂ ಕೂಡುವ ಗಡಿಯ ರೊದ್ದಂ, ಮಡಕಶಿರಾ, ಕಲ್ಯಾಣದುರ್ಗಗಳ ಸೀಮೆಯೇ ಇದಕ್ಕೆ ಸಾಕ್ಷಿ. ಮಡಕಶಿರಾ ಬಳಿಯ ಹೇಮಾವತಿ, ಅಂದರೆ ಹೆಂಜೇರು, ನೊಳಂಬ ಅರಸರ ರಾಜಧಾನಿಯಾಗಿತ್ತು. ಆ ಕಾಲದ ಕನ್ನಡ ಶಾಸನಗಳಲ್ಲಿ ಈಗ ನಮ್ಮ ಬಾಯಲ್ಲಿಲ್ಲದ ‘ೞ’ ಇದೆ. ನಾಲಿಗೆ ಮೇಲೆದ್ದು ಹಿಂದಕ್ಕೆ ಬಾಗಿದರೂ ಅಂಗುಳಕ್ಕೆ ಪೂರ್ತಿ ಒತ್ತಿಕೊಳ್ಳದೆ ಹುಟ್ಟುವ ಧ್ವನಿ ಅದು. ತಮಿಳು, ಮಲಯಾಳಂಗಳಲ್ಲಿ ಇಂದಿಗೂ ಉಳಿದಿದೆ. ಹದಿಮೂರನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜ ಇದನ್ನು ರಳವೆಂದು ಕರೆದು, ಅದಿರುವ ಪದಗಳನ್ನು ಪಟ್ಟಿಮಾಡಿದ. ಎಲ್ಲರ ಬಾಯಲ್ಲೂ ಸಹಜವಾಗಿದ್ದರೆ ಪಟ್ಟಿಯ ಅಗತ್ಯ ಬೀಳುತ್ತಿರಲಿಲ್ಲ.

ಅಕ್ಷರ ಬರವಣಿಗೆಯ ರೂಢಿ ಮಾತ್ರ, ನಾಲಿಗೆ ಎಲ್ಲಿತ್ತೆಂದು ಕಲ್ಲು ಹೇಳದು ಎನ್ನುವವರೂ ಇದ್ದಾರೆ. ಇದಕ್ಕೆ ಈ ಗಡಿಯ ಎರಡು ಭಾಷೆಗಳೇ ಉತ್ತರ. ಹಳೆಯ ‘ಏೞು’ ಕನ್ನಡದಲ್ಲಿ ಏಳು, ತೆಲುಗಿನಲ್ಲಿ ಏಡು. ಹಳೆಯ ‘ಕೋೞಿ’ ಇಲ್ಲಿ ಕೋಳಿ, ಅಲ್ಲಿ ಕೋಡಿ. ಒಂದೇ ಧ್ವನಿಯಿಂದ ಕನ್ನಡಿಗನ ನಾಲಿಗೆ ‘ಳ’ಕಾರಕ್ಕೂ ತೆಲುಗರ ನಾಲಿಗೆ ‘ಡ’ಕಾರಕ್ಕೂ ಇಳಿಯಿತು, ಎರಡೂ ಮೂರ್ಧನ್ಯಗಳೇ. ಬದಲಾದದ್ದು ಮೂಳೆಯಲ್ಲ, ಅದನ್ನು ತಾಗುವ ರೂಢಿ. ಎರಡೂ ಭಾಷೆ ಬಲ್ಲ ರೊದ್ದಂ ಕಡೆಯವರು ಈ ಎರಡು ಫಲಗಳನ್ನೂ ದಿನಬೆಳಗಾದರೆ ಬಳಸುತ್ತಾರೆ.

ನಾಲಿಗೆ ತಾಗುವ ಜಾಗವನ್ನು ಪಶ್ಚಿಮದಲ್ಲಿ ಪ್ರಯೋಗದಿಂದ ತೋರಿಸಿದವರು ದಂತವೈದ್ಯರೇ. 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಓಕ್ಲಿ ಕೋಲ್ಸ್ ಗೋಂದು, ಹಿಟ್ಟು ಕಲಸಿ ತನ್ನ ಅಂಗುಳಕ್ಕೆ ಬಳಿದು, ಧ್ವನಿ ಉಚ್ಚರಿಸಿ, ನಾಲಿಗೆ ಒರೆಸಿದ ಜಾಗವನ್ನು ಗುರುತಿಸಿದ. ಅಮೆರಿಕದ ನಾರ್ಮನ್ ಕಿಂಗ್ಸ್ಲಿ ಅಂಗುಳಕ್ಕೆ ಹೊಂದುವ ತೆಳು ತಟ್ಟೆಯನ್ನೇ ಮಾಡಿಸಿದ. ವೈಯಾಕರಣರು ಅನುಭವದಿಂದ ಹೇಳಿದ್ದು ಹೀಗೆ ಕಣ್ಣಿಗೆ ಕಂಡಿತು.

ಈ ತಿಳಿವಳಿಕೆಯ ಪ್ರಯೋಜನ ಹಲ್ಲಿನ ಸೆಟ್ ಕಟ್ಟುವಲ್ಲಿದೆ. ಮೇಲಿನ ಸೆಟ್ಟಿನ ತಟ್ಟೆ ಅಂಗುಳವನ್ನೇ ಮುಚ್ಚುತ್ತದೆ. ಬಾಚಿಹಲ್ಲುಗಳ ಹಿಂದೆ ದಪ್ಪವಾದರೆ ತ, ಸ, ಚ ತೊದಲುತ್ತವೆ. ಹಿಂದೆ ಮೆದು ಅಂಗುಳ ಅಲುಗುವ ಗೆರೆಯನ್ನು ಮೀರಿದರೆ ಓಕರಿಕೆ ಬರುತ್ತದೆ. ಮಾತನ್ನು ಪರೀಕ್ಷಿಸಲು ಪಠ್ಯಗಳು ಸೂಚಿಸುವ ಇಂಗ್ಲಿಷ್ ಪದಗಳು ಮುಖ್ಯವಾಗಿ ‘ಸ’ಕಾರವನ್ನು ನೋಡುತ್ತವೆ, ನಮ್ಮ ಮೂರ್ಧನ್ಯಗಳನ್ನಲ್ಲ. ಅಭ್ಯಾಸದಿಂದ ಎಲ್ಲರೂ ಹೊಂದಿಕೊಳ್ಳುತ್ತಾರೆ ಎನ್ನುವುದು ಬಹುಮಟ್ಟಿಗೆ ನಿಜವಾದರೂ, ತೀಡಿದರೆ ಹೋಗುವ ದೋಷವನ್ನು ರೋಗಿಯ ತಾಳ್ಮೆಗೆ ಬಿಡುವುದು ಸರಿಯಲ್ಲ. ಹಾಗಾಗಿ ಇದೇ ಸೀಮೆಯ ಹಿಂದೂಪುರ, ಕಲ್ಯಾಣದುರ್ಗದ ವೈದ್ಯರು ಸೆಟ್ಟನ್ನು ಗಟ್ಟಿಮಾಡುವ ಮುನ್ನ ಏಳು, ಏಡು, ಕೋಳಿ, ಕೋಡಿ, ಚಟ್ನಿ ಎಂದು ಹೇಳಿಸಿ ಕೇಳಲಿ.