ಗುರುತಿನ ಚೀಟಿ ಕೇಳದ ಖರೀದಿ: ಬಿಟ್‌ಕಾಯಿನ್ ಮಾರುಕಟ್ಟೆಯಲ್ಲಿ ಅನಾಮಿಕತೆಯ ಚರಿತ್ರೆ

2009ರ ಅಕ್ಟೋಬರ್ 12ರಂದು ಫಿನ್‌ಲೆಂಡಿನ ವಿದ್ಯಾರ್ಥಿ ಮಾರ್ಟಿ ಮಾಲ್ಮಿ 5,050 ಬಿಟ್‌ಕಾಯಿನ್‌ಗಳನ್ನು 5 ಡಾಲರ್ 2 ಸೆಂಟಿಗೆ ಮಾರಿದರು. ಕೊಂಡವರು ‘ನ್ಯೂ ಲಿಬರ್ಟಿ ಸ್ಟ್ಯಾಂಡರ್ಡ್’ ಎಂಬ ಗುಪ್ತನಾಮದಲ್ಲಿ ವ್ಯವಹರಿಸುತ್ತಿದ್ದವರು. ಡಾಲರಿನಲ್ಲಿ ಬೆಲೆ ಕಟ್ಟಿ ನಡೆದ, ದಾಖಲೆ ಉಳಿದಿರುವ ಮೊದಮೊದಲ ಬಿಟ್‌ಕಾಯಿನ್ ಮಾರಾಟ ಇದು. ಬಿಟ್‌ಕಾಯಿನ್ ಒಂದು ವಿಳಾಸದಿಂದ ಇನ್ನೊಂದಕ್ಕೆ ಹೋಗಲು ಯಾರ ಹೆಸರೂ ಬೇಕಾಗಲಿಲ್ಲ. ಆದರೆ ಡಾಲರು ಸಂದಾಯವಾದದ್ದು ಪೇಪಾಲ್ ಮೂಲಕ. ಅಲ್ಲಿ ಖಾತೆಗಳಿದ್ದವು, ಖಾತೆಗಳಿಗೆ ಹೆಸರುಗಳಿದ್ದವು.

ಗುರುತು ತೋರಿಸದೆ ಬಿಟ್‌ಕಾಯಿನ್ ಕೊಳ್ಳುವುದರ ಚರಿತ್ರೆಯೆಲ್ಲ ಈ ಮೊದಲ ವ್ಯಾಪಾರದ ಎರಡು ಬದಿಗಳ ನಡುವೆಯೇ ನಡೆದಿದೆ. ಬಿಟ್‌ಕಾಯಿನ್ ಬದಿ ಎಂದೂ ಹೆಸರು ಕೇಳಿಲ್ಲ. ಡಾಲರು, ಯೂರೋ, ರೂಪಾಯಿಯ ಬದಿ ವರ್ಷದಿಂದ ವರ್ಷಕ್ಕೆ ಹೆಚ್ಚು ಕೇಳುತ್ತ ಬಂದಿದೆ. ಈ ವಿಷಯ ಚರ್ಚೆಗೆ ಬಂದಾಗ ಅಪರಾಧಿಗಳ ಮಾತು ಮೊದಲು ಬರುತ್ತದೆ. ಅದಕ್ಕೆ ಕಾರಣಗಳಿವೆ. ಆದರೆ ಚರಿತ್ರೆಯನ್ನು ಮೊದಲಿನಿಂದ ಓದಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ: ಬ್ಯಾಂಕು ಗ್ರಾಹಕನ ಗುರುತು ಕೇಳುವುದಕ್ಕೂ ಬಿಟ್‌ಕಾಯಿನ್ ಮಾರುವವನು ಗುರುತು ಕೇಳುವುದಕ್ಕೂ ಪರಿಣಾಮದಲ್ಲಿ ಅಪಾರ ವ್ಯತ್ಯಾಸವಿದೆ. ಕಾನೂನು ಇವೆರಡನ್ನೂ ಒಂದೇ ಎಂದು ಎಣಿಸಿತು.

ಚೌಮ್ ಅವರ ಮಾದರಿ

ಗಣಕ ವಿಜ್ಞಾನಿ ಡೇವಿಡ್ ಚೌಮ್ 1982ರಲ್ಲಿ ‘ಕುರುಡು ಸಹಿ’ ಎಂಬ ಗೂಢಲಿಪಿ ವಿಧಾನವನ್ನು ಮಂಡಿಸಿದರು. ಕಾರ್ಬನ್ ಹಾಳೆ ಅಂಟಿಸಿದ ಲಕೋಟೆಯೊಳಗೆ ಕಾಗದವಿಟ್ಟು ಮೇಲಿನಿಂದ ಸಹಿ ಹಾಕಿಸಿದರೆ, ಒಳಗಿನ ಬರಹವನ್ನು ನೋಡದೆಯೇ ಸಹಿ ಕಾಗದಕ್ಕೆ ಇಳಿಯುತ್ತದೆ ಎಂಬುದು ಅವರೇ ಕೊಟ್ಟ ವಿವರಣೆ. ಬ್ಯಾಂಕು ಡಿಜಿಟಲ್ ನಾಣ್ಯಕ್ಕೆ ಹೀಗೆ ಸಹಿ ಹಾಕಿದರೆ, ಮುಂದೆ ಅದೇ ನಾಣ್ಯ ಅಂಗಡಿಯಿಂದ ಮರಳಿ ಬಂದಾಗ ಅದು ಅಸಲಿ ಎಂದು ತಿಳಿಯುತ್ತದೆ, ಯಾರಿಗೆ ಕೊಟ್ಟದ್ದು ಎಂದು ತಿಳಿಯುವುದಿಲ್ಲ. ಚೌಮ್ ಅವರ ಕಂಪನಿ ಡಿಜಿಕ್ಯಾಶ್ ಆಮ್‌ಸ್ಟರ್‌ಡ್ಯಾಮಿನಲ್ಲಿ ನೆಲೆಯೂರಿತು. ಅಮೆರಿಕದ ಸೇಂಟ್ ಲೂಯಿಯ ಮಾರ್ಕ್ ಟ್ವೇನ್ ಬ್ಯಾಂಕು 1995ರಲ್ಲಿ ಆ ನಾಣ್ಯಗಳನ್ನು ವಿತರಿಸಲು ಆರಂಭಿಸಿತು. 1998ರಲ್ಲಿ ಡಿಜಿಕ್ಯಾಶ್ ದಿವಾಳಿಯಾಯಿತು.

ಈ ಸೋತ ಪ್ರಯೋಗದ ಮಹತ್ವ ಬೇರೆಡೆ ಇದೆ. ಅಲ್ಲಿ ನಾಣ್ಯ ಕೊಳ್ಳುವವನು ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಿತ್ತು, ಗುರುತು ಕೊಡಬೇಕಿತ್ತು. ಆದರೂ ಅವನ ಖಾಸಗಿತನಕ್ಕೆ ಧಕ್ಕೆಯಿರಲಿಲ್ಲ. ಎಷ್ಟು ತೆಗೆದ ಎಂಬುದು ಬ್ಯಾಂಕಿಗೆ ಗೊತ್ತು, ಎಲ್ಲಿ ಖರ್ಚು ಮಾಡಿದ ಎಂಬುದು ಗೊತ್ತಿಲ್ಲ. ಎಟಿಎಂನಿಂದ ನೋಟು ತೆಗೆಯುವ ನಮ್ಮ ಸ್ಥಿತಿಯೂ ಅದೇ.

2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಹೆಸರಿನಲ್ಲಿ ಹೊರಬಂದ ಬಿಟ್‌ಕಾಯಿನ್ ಪ್ರಬಂಧ ಈ ವ್ಯವಸ್ಥೆಯನ್ನು ತಿರುಗಿಸಿ ಹಾಕಿತು. ಅದರ ಹತ್ತನೆಯ ಭಾಗ ಖಾಸಗಿತನದ ಕುರಿತದ್ದು. ಬ್ಯಾಂಕುಗಳು ವ್ಯವಹಾರಗಳನ್ನೇ ಮುಚ್ಚಿಡುತ್ತವೆ. ಇಲ್ಲಿ ವ್ಯವಹಾರಗಳೆಲ್ಲ ಬಹಿರಂಗ, ಮುಚ್ಚಿಡಬೇಕಾದದ್ದು ಯಾವ ಕೀಲಿ ಯಾರದು ಎಂಬ ಒಂದೇ ಸಂಗತಿ ಎಂಬುದು ಅಲ್ಲಿನ ವಾದ. ಅಂದರೆ ಬಿಟ್‌ಕಾಯಿನ್‌ನಲ್ಲಿ ಖಾಸಗಿತನಕ್ಕೆ ಇರುವುದು ಒಂದೇ ಗೋಡೆ. ಮಾರಾಟ ಮಾಡುವ ಕಂಪನಿ ಕೊಳ್ಳುವವನ ಆಧಾರ್ ಪ್ರತಿಯನ್ನೂ ಅವನ ಬಿಟ್‌ಕಾಯಿನ್ ವಿಳಾಸವನ್ನೂ ಒಂದೇ ಕಡತದಲ್ಲಿ ಇಟ್ಟ ಕ್ಷಣ ಆ ಗೋಡೆ ಬಿದ್ದಂತೆ. ಅಲ್ಲಿಂದ ಮುಂದೆ ಆ ನಾಣ್ಯ ಎಲ್ಲೆಲ್ಲಿ ಹೋಯಿತು ಎಂಬುದನ್ನು ಸಾರ್ವಜನಿಕ ಲೆಕ್ಕಪುಸ್ತಕದಲ್ಲಿ ಯಾರು ಬೇಕಾದರೂ ಹಿಂಬಾಲಿಸಬಹುದು. ಚೌಮ್ ಅವರ ವ್ಯವಸ್ಥೆಯಲ್ಲಿ ನಿರಪಾಯವಾಗಿದ್ದ ಪ್ರಶ್ನೆ ಇಲ್ಲಿ ಇಡೀ ಆರ್ಥಿಕ ಬದುಕನ್ನು ತೆರೆದಿಡುವ ಪ್ರಶ್ನೆಯಾಗುತ್ತದೆ.

ನಗದು ಏಕೆ ಬೇಕಾಯಿತು

ಮೊದಲ ಎರಡು ವರ್ಷ ಗುರುತಿನ ಪ್ರಶ್ನೆಯೇ ಏಳಲಿಲ್ಲ. ನ್ಯೂ ಲಿಬರ್ಟಿ ಸ್ಟ್ಯಾಂಡರ್ಡ್ ವಿದ್ಯುತ್ ಖರ್ಚಿನ ಲೆಕ್ಕದಲ್ಲಿ ಡಾಲರಿಗೆ 1,309.03 ಬಿಟ್‌ಕಾಯಿನ್ ಎಂದು ದರ ಪ್ರಕಟಿಸಿದ್ದರು. 2010ರಲ್ಲಿ ಗ್ಯಾವಿನ್ ಆಂಡ್ರೆಸೆನ್ ಕೇಳಿದವರಿಗೆಲ್ಲ ತಲಾ 5 ಬಿಟ್‌ಕಾಯಿನ್ ಪುಕ್ಕಟೆ ಕೊಡುವ ‘ನಲ್ಲಿ’ಯನ್ನು ತೆರೆದರು. ಅದೇ ವರ್ಷ ಜೆಡ್ ಮೆಕ್‌ಕೇಲೆಬ್ ಮೌಂಟ್ ಗಾಕ್ಸ್ ವಿನಿಮಯ ಕೇಂದ್ರ ಆರಂಭಿಸಿದರು. 2011ರಲ್ಲಿ ಅದು ಮಾರ್ಕ್ ಕಾರ್ಪೆಲೆಸ್ ಅವರ ಕೈಗೆ, ಟೋಕಿಯೋಗೆ ಹೋಯಿತು.

ನಗದು ವ್ಯಾಪಾರ ಬೆಳೆದದ್ದಕ್ಕೆ ಬಚ್ಚಿಟ್ಟುಕೊಳ್ಳುವ ಆಸೆಯೊಂದೇ ಕಾರಣವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕಾರ್ಡ್ ಅಥವಾ ಪೇಪಾಲ್‌ನಲ್ಲಿ ಕೊಟ್ಟ ಹಣವನ್ನು ಕೊಟ್ಟವನು ವಾರಗಳ ನಂತರವೂ ತಕರಾರು ಹೂಡಿ ವಾಪಸ್ ಪಡೆಯಬಹುದು. ಕೈಬಿಟ್ಟುಹೋದ ಬಿಟ್‌ಕಾಯಿನ್ ಮಾತ್ರ ಮರಳಿ ಬರುವುದಿಲ್ಲ. ಈ ಏರುಪೇರನ್ನು ಬಳಸಿಕೊಂಡು ಮೋಸಗಾರರು ಮಾರುವವರನ್ನು ಸುಲಿದರು. ಮರಳಿಸಲಾಗದ ವಸ್ತುವನ್ನು ಮರಳಿಸಲಾಗದ ಹಣಕ್ಕೇ ಮಾರಬೇಕೆಂಬುದು ಆಗ ಮಾರುಕಟ್ಟೆ ಕಲಿತ ಪಾಠ, ಮತ್ತು ಅಂಥ ಹಣವೆಂದರೆ ನೋಟು. ಚಾರ್ಲಿ ಶ್ರೆಮ್ ಸಹಸ್ಥಾಪಕರಾಗಿದ್ದ ಬಿಟ್‌ಇನ್‌ಸ್ಟಂಟ್ ಅಮೆರಿಕದ ಸಾಮಾನ್ಯ ಅಂಗಡಿಗಳಲ್ಲೇ ನಗದು ಕಟ್ಟುವ ವ್ಯವಸ್ಥೆ ಮಾಡಿತು. 2014ರ ಜನವರಿಯಲ್ಲಿ ಶ್ರೆಮ್ ಬಂಧನವಾಯಿತು. ಆ ವರ್ಷದ ಕೊನೆಗೆ ಎರಡು ವರ್ಷಗಳ ಸೆರೆ.

2013: ತಿರುವಿನ ವರ್ಷ

ಗ್ರಾಹಕರ ಗುರುತು ಪರಿಶೀಲನೆ ಬಿಟ್‌ಕಾಯಿನ್‌ಗಾಗಿ ಹುಟ್ಟಿದ್ದಲ್ಲ. ಅಮೆರಿಕದ 1970ರ ಬ್ಯಾಂಕ್ ಗೋಪ್ಯತಾ ಕಾಯ್ದೆ, 1989ರಲ್ಲಿ ಪ್ಯಾರಿಸಿನಲ್ಲಿ ರೂಪುಗೊಂಡ ಅಕ್ರಮ ಹಣ ತಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್, 2001ರ ಭಯೋತ್ಪಾದಕ ದಾಳಿಯ ನಂತರದ ಪೇಟ್ರಿಯಟ್ ಕಾಯ್ದೆ, ಇವು ಅದರ ಮೂಲಗಳು. ಚಿನ್ನದ ಆಧಾರದ ಡಿಜಿಟಲ್ ಹಣವಾದ ಇ-ಗೋಲ್ಡ್ ಈ ವ್ಯವಸ್ಥೆಗೆ ಮೊದಲೇ ಬಲಿಯಾಗಿತ್ತು. ಫ್ಲಾರಿಡಾದ ಕ್ಯಾನ್ಸರ್ ವೈದ್ಯ ಡಗ್ಲಾಸ್ ಜಾಕ್ಸನ್ 1996ರಲ್ಲಿ ಕಟ್ಟಿದ ಆ ಸಂಸ್ಥೆಯ ಮೇಲೆ 2007ರಲ್ಲಿ ಆರೋಪಪಟ್ಟಿ ಬಂತು, ಮರುವರ್ಷ ತಪ್ಪೊಪ್ಪಿಗೆ.

ಬಿಟ್‌ಕಾಯಿನ್‌ಗೆ ಹಾಗೆ ಹಿಡಿಯಬಹುದಾದ ಯಜಮಾನನಿರಲಿಲ್ಲ. ಹಿಡಿಯಬಹುದಾಗಿದ್ದದ್ದು ವಿನಿಮಯ ಕೇಂದ್ರಗಳನ್ನು. 2013ರ ಮಾರ್ಚ್ 18ರಂದು ಅಮೆರಿಕದ ಖಜಾನೆಯ ಫಿನ್‌ಸೆನ್ ವಿಭಾಗ ಹೊರಡಿಸಿದ ಮಾರ್ಗಸೂಚಿ ಬಿಟ್‌ಕಾಯಿನ್ ಬಳಸುವವರನ್ನು ಬಿಟ್ಟು, ಅದನ್ನು ವಿನಿಮಯ ಮಾಡುವ ಉದ್ಯಮಗಳನ್ನು ಹಣ ರವಾನೆದಾರರ ಸಾಲಿಗೆ ಸೇರಿಸಿತು. ಮೇ ತಿಂಗಳಲ್ಲಿ ಮೌಂಟ್ ಗಾಕ್ಸ್‌ನ ಅಮೆರಿಕದ ಖಾತೆಗಳು ಜಪ್ತಿಯಾದವು. ಅದೇ ತಿಂಗಳ ಕೊನೆಗೆ, ಹಣ ಹಾಕುವ ಮತ್ತು ತೆಗೆಯುವ ಎಲ್ಲರೂ ಗುರುತು ಖಚಿತಪಡಿಸಬೇಕೆಂದು ಮೌಂಟ್ ಗಾಕ್ಸ್ ಪ್ರಕಟಿಸಿತು. ಅಕ್ಟೋಬರಿನಲ್ಲಿ ಸಿಲ್ಕ್ ರೋಡ್ ಎಂಬ ಮಾದಕವಸ್ತು ಮಾರುಕಟ್ಟೆ ಮುಚ್ಚಿಸಲ್ಪಟ್ಟಿತು. ಅನಾಮಿಕ ಖರೀದಿ ಮತ್ತು ಅಪರಾಧ ಎರಡೂ ಜನಮನದಲ್ಲಿ ಬೆಸೆದುಕೊಂಡದ್ದು ಆಗ.

ಬೀದಿಗೆ ಇಳಿದ ವ್ಯಾಪಾರ

ವಿನಿಮಯ ಕೇಂದ್ರಗಳು ಬಾಗಿಲು ಬಿಗಿ ಮಾಡಿದಂತೆ ವ್ಯಾಪಾರ ವ್ಯಕ್ತಿಯಿಂದ ವ್ಯಕ್ತಿಗೆ ಹೊರಳಿತು. ಹೆಲ್ಸಿಂಕಿಯಲ್ಲಿ 2012ರಲ್ಲಿ ಶುರುವಾದ ಲೋಕಲ್‌ಬಿಟ್‌ಕಾಯಿನ್ಸ್ ಒಂದೇ ಊರಿನ ಕೊಳ್ಳುವವರನ್ನೂ ಮಾರುವವರನ್ನೂ ಸೇರಿಸುತ್ತಿತ್ತು. ವ್ಯಾಪಾರ ಮುಗಿಯುವವರೆಗೆ ಬಿಟ್‌ಕಾಯಿನ್ ಅದರ ಎಸ್ಕ್ರೋದಲ್ಲಿ ಇರುತ್ತಿತ್ತು. ಕಾಫಿ ಅಂಗಡಿಯಲ್ಲಿ ಭೇಟಿ, ಕೈಗೆ ನೋಟು, ಫೋನಿನಲ್ಲಿ ದೃಢೀಕರಣ, ಅಷ್ಟೇ. ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್‌ನಲ್ಲಿ 2013ರಲ್ಲಿ ಜನ ಸೇರಿ ಬಾಯಿಮಾತಿನಲ್ಲೇ ದರ ಕೂಗಿ ಕೊಟ್ಟು ಕೊಳ್ಳುತ್ತಿದ್ದರು. ಇಲ್ಲಿ ಹೆಸರಿನ ಜಾಗದಲ್ಲಿದ್ದದ್ದು ಕೀರ್ತಿ: ಎಷ್ಟು ವ್ಯಾಪಾರ ಮುಗಿಸಿದ್ದಾನೆ, ಹಿಂದಿನವರು ಏನು ಹೇಳಿದ್ದಾರೆ ಎಂಬ ಲೆಕ್ಕ. ಹುಂಡಿ ವ್ಯವಹಾರವನ್ನು ಕಂಡ ನಮ್ಮ ದೇಶದ ಪೇಟೆಗಳಿಗೆ ಇದು ಅಪರಿಚಿತವಲ್ಲ.

ಪೊಲೀಸರೂ ಅಲ್ಲಿಗೆ ಬಂದರು. 2014ರಲ್ಲಿ ಮಯಾಮಿಯಲ್ಲಿ ವೇಷ ಮರೆಸಿದ ಪತ್ತೇದಾರನಿಗೆ ಬಿಟ್‌ಕಾಯಿನ್ ಮಾರಿದ ಒಬ್ಬನ ಬಂಧನವಾಯಿತು. 2016ರಲ್ಲಿ ನ್ಯಾಯಾಧೀಶೆ ತೆರೇಸಾ ಪೂಲರ್ ಬಿಟ್‌ಕಾಯಿನ್ ಹಣವಲ್ಲ ಎಂದು ಪ್ರಕರಣವನ್ನು ತಳ್ಳಿಹಾಕಿದರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಅದೇ ವರ್ಷ ಫಿನ್‌ಲೆಂಡಿನಲ್ಲಿ ಹೊಸ ಕಾನೂನು ಜಾರಿಯಾದ ಬೆನ್ನಲ್ಲೇ ಲೋಕಲ್‌ಬಿಟ್‌ಕಾಯಿನ್ಸ್ ಮುಖಾಮುಖಿ ನಗದು ವ್ಯಾಪಾರವನ್ನು ಕೈಬಿಟ್ಟಿತು. 2023ರಲ್ಲಿ ಸಂಸ್ಥೆಯೇ ಮುಚ್ಚಿತು.

ಯಂತ್ರಗಳ ಕಥೆ ಇನ್ನೂ ಕುತೂಹಲದ್ದು. 2013ರ ಅಕ್ಟೋಬರ್ 29ರಂದು ವ್ಯಾಂಕೂವರ್‌ನ ಕಾಫಿ ಅಂಗಡಿಯೊಂದರಲ್ಲಿ ಆರಂಭವಾದ ರೋಬೋಕಾಯಿನ್ ಎಟಿಎಂ ಹೆಸರು ಕೇಳುತ್ತಿರಲಿಲ್ಲ, ಅಂಗೈ ಸ್ಕ್ಯಾನ್ ಮಾಡುತ್ತಿತ್ತು. ದಿನದ ಮಿತಿ ಮೀರದಂತೆ ನೋಡಿಕೊಳ್ಳಲು ಅಷ್ಟು ಸಾಕಾಗಿತ್ತು. 2016ರ ನವೆಂಬರಿನಿಂದ ಸ್ವಿಸ್ ರೈಲ್ವೆ ತನ್ನ ಟಿಕೆಟ್ ಯಂತ್ರಗಳಲ್ಲೇ 20ರಿಂದ 500 ಫ್ರಾಂಕಿನವರೆಗೆ ಬಿಟ್‌ಕಾಯಿನ್ ಮಾರಿತು. ಕೇಳಿದ್ದು ಮೊಬೈಲ್ ಸಂಖ್ಯೆಯನ್ನು ಮಾತ್ರ. ಸಣ್ಣ ಮೊತ್ತಕ್ಕೆ ಸಣ್ಣ ಪರಿಶೀಲನೆ ಸಾಕು ಎಂಬ ನೀತಿ ಕಾರ್ಯಸಾಧ್ಯ ಎಂಬುದಕ್ಕೆ ಸರ್ಕಾರಿ ಒಡೆತನದ ಸಂಸ್ಥೆಯೊಂದು ಕೊಟ್ಟ ಈ ಪುರಾವೆಗೆ ತಕ್ಕ ಗಮನ ಸಿಕ್ಕಿಲ್ಲ.

ಬೆಂಗಳೂರಿನ ಅಧ್ಯಾಯ

ಭಾರತದಲ್ಲಿ ಈ ಚರಿತ್ರೆಯ ಮುಖ್ಯ ಘಟನೆಗಳು ಬೆಂಗಳೂರಿನ ಸುತ್ತ ನಡೆದವು. ಬೆಂಗಳೂರು ನೆಲೆಯ ವಿನಿಮಯ ಸಂಸ್ಥೆ ಯುನೋಕಾಯಿನ್ 2013ರಲ್ಲಿ ಆರಂಭವಾಯಿತು. ಅದೇ ವರ್ಷದ ಡಿಸೆಂಬರ್ 24ರಂದು ರಿಸರ್ವ್ ಬ್ಯಾಂಕ್ ಸಾರ್ವಜನಿಕರಿಗೆ ಎಚ್ಚರಿಕೆ ಹೊರಡಿಸಿತು. 2018ರ ಏಪ್ರಿಲ್ 6ರ ಸುತ್ತೋಲೆ ಬ್ಯಾಂಕುಗಳಿಗೆ ಈ ಉದ್ಯಮದ ಜೊತೆ ವ್ಯವಹರಿಸಬಾರದೆಂದು ಆಜ್ಞಾಪಿಸಿತು. ಬ್ಯಾಂಕಿನ ದಾರಿ ಮುಚ್ಚಿದಾಗ ಯುನೋಕಾಯಿನ್ ಹಳೇ ವಿಮಾನ ನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲ್‌ನಲ್ಲಿ ನಗದು ಸ್ವೀಕರಿಸುವ ಯಂತ್ರವೊಂದನ್ನು ಇಟ್ಟಿತು. ಅದನ್ನು ಬಳಸಲು ಮೊದಲೇ ಗುರುತು ಪರಿಶೀಲನೆಯಾದ ಖಾತೆ ಬೇಕಿತ್ತು. ಆದರೂ ಅಕ್ಟೋಬರಿನಲ್ಲಿ ಸಿಸಿಬಿ ಪೊಲೀಸರು ಯಂತ್ರವನ್ನು ವಶಪಡಿಸಿಕೊಂಡರು, ಸಹಸ್ಥಾಪಕರಿಬ್ಬರನ್ನು ಬಂಧಿಸಿದರು.

ಸುತ್ತೋಲೆಯ ಪರಿಣಾಮ ಅದರ ಉದ್ದೇಶಕ್ಕೆ ವಿರುದ್ಧವಾಗಿತ್ತು. ಪರಿಶೀಲನೆ ಮಾಡುತ್ತಿದ್ದ ಕಂಪನಿಗಳು ಸೊರಗಿದವು, ಕೊಳ್ಳುವವರು ಟೆಲಿಗ್ರಾಂ ಗುಂಪುಗಳಿಗೂ ವ್ಯಕ್ತಿಗತ ವ್ಯಾಪಾರಕ್ಕೂ ಹೋದರು. ಅಲ್ಲಿ ಯುಪಿಐನಿಂದ ಹಣ ಪಡೆದ ಎಷ್ಟೋ ಮಾರಾಟಗಾರರು, ಆ ಹಣ ಇನ್ನಾರದೋ ಸೈಬರ್ ವಂಚನೆಯದ್ದೆಂದು ಬಯಲಾಗಿ, ದೂರದ ರಾಜ್ಯದ ಪೊಲೀಸರ ಕೋರಿಕೆಯ ಮೇಲೆ ಖಾತೆ ಫ್ರೀಜ್ ಆಗಿ ಒದ್ದಾಡಿದರು. ಅನಾಮಿಕ ವ್ಯಾಪಾರದ ಈ ನೋವನ್ನು ಅದರ ಪರವಾಗಿ ವಾದಿಸುವವರು ಮುಚ್ಚಿಡಬಾರದು. ಗುರುತು ಗೊತ್ತಿಲ್ಲದವನ ಹಣ ಪಡೆಯುವುದೆಂದರೆ ಅವನ ಪಾಪದಲ್ಲೂ ಪಾಲು ಪಡೆದಂತಾಗಬಹುದು.

2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. 2022ರಲ್ಲಿ ಲಾಭದ ಮೇಲೆ ಶೇ. 30 ತೆರಿಗೆ, ಮಾರಾಟದ ಮೇಲೆ ಶೇ. 1 ಟಿಡಿಎಸ್ ಬಂದವು. 2023ರ ಮಾರ್ಚ್ 7ರ ಅಧಿಸೂಚನೆ ಈ ವ್ಯವಹಾರಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ತಂದಿತು.

ಕಡತಗಳ ಅಪಾಯ

2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾರಾ ಮೈಕಲ್‌ಜಾನ್ ಮತ್ತು ಸಂಗಡಿಗರು ತಾವೇ 344 ವ್ಯವಹಾರಗಳನ್ನು ಮಾಡಿ, ಅವುಗಳ ಜಾಡಿನಿಂದ ಯಾವ ವಿಳಾಸಗಳ ಗುಂಪು ಯಾವ ಸಂಸ್ಥೆಯದೆಂದು ಗುರುತಿಸಿದರು. ಮರುವರ್ಷ ಹುಟ್ಟಿದ ಚೈನಾಲಿಸಿಸ್ ಇಂಥ ವಿಶ್ಲೇಷಣೆಯನ್ನು ಉದ್ಯಮವಾಗಿಸಿತು. ಇದರಿಂದ ಅಪರಾಧಗಳು ಪತ್ತೆಯಾಗಿವೆ, ನಿಜ. ಆದರೆ ಸಂಸ್ಥೆಗಳು ಕೂಡಿಟ್ಟ ಗುರುತಿನ ಕಡತಗಳು ಸುರಕ್ಷಿತವಾಗಿರುತ್ತವೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. 2020ರಲ್ಲಿ ವಾಲೆಟ್ ತಯಾರಕ ಲೆಡ್ಜರ್‌ನ ಸುಮಾರು 2,72,000 ಗ್ರಾಹಕರ ಹೆಸರು, ಮನೆ ವಿಳಾಸ, ಫೋನ್ ಸಂಖ್ಯೆ ಸೋರಿಹೋದವು. ಅದು ಗುರುತು ಪರಿಶೀಲನೆಯ ಕಡತವಲ್ಲ, ಸರಕು ಕಳಿಸುವ ಪಟ್ಟಿ. ಅಷ್ಟಕ್ಕೇ ಜನರ ಮನೆಗೆ ಬೆದರಿಕೆಗಳು ಬಂದವು. ಹೊರದೇಶದ ಗುತ್ತಿಗೆ ಸಿಬ್ಬಂದಿಗೆ ಕಳ್ಳರು ಲಂಚ ಕೊಟ್ಟು ತನ್ನ ಗ್ರಾಹಕರ ದಾಖಲೆಗಳನ್ನು ಕದ್ದಿದ್ದಾರೆಂದು 2025ರ ಮೇ ತಿಂಗಳಲ್ಲಿ ವಿನಿಮಯ ಕೇಂದ್ರ ಕಾಯಿನ್‌ಬೇಸ್ ಬಹಿರಂಗಪಡಿಸಿತು. 69,461 ಮಂದಿ ಬಾಧಿತರು. ಕಳುವಾದ ಮಾಹಿತಿಯಲ್ಲಿ ಸರ್ಕಾರಿ ಗುರುತಿನ ಚೀಟಿಗಳ ಚಿತ್ರಗಳೂ ಇದ್ದವು. ಮನೆಯಲ್ಲಿ ಎಷ್ಟು ಸಂಪತ್ತಿದೆ, ಮನೆ ಎಲ್ಲಿದೆ ಎಂಬ ಎರಡೂ ಸಂಗತಿ ಒಂದೇ ಕಳ್ಳನ ಕೈಗೆ ಸಿಗುವುದು ಸಾಮಾನ್ಯ ಬ್ಯಾಂಕಿನ ಸೋರಿಕೆಗಿಂತ ಭೀಕರ, ಏಕೆಂದರೆ ಬೆದರಿಸಿ ಕಿತ್ತುಕೊಂಡ ಬಿಟ್‌ಕಾಯಿನ್ ಅನ್ನು ತಡೆಹಿಡಿಯಲು ಯಾವ ಶಾಖಾಧಿಕಾರಿಯೂ ಇಲ್ಲ.

ಈ ಅಪಾಯಕ್ಕೆ ತಂತ್ರಜ್ಞಾನ ಕೊಟ್ಟ ಉತ್ತರ 2016ರ ಬಿಸ್ಕ್‌ನಂಥ ವಿಕೇಂದ್ರಿತ ತಂತ್ರಾಂಶ. ಅಲ್ಲಿ ಕಡತ ಇಡುವ ಕಂಪನಿಯೇ ಇಲ್ಲ, ಇಬ್ಬರೂ ಕಟ್ಟುವ ಠೇವಣಿಯೇ ಜಾಮೀನು. ಕಾನೂನಿನ ಉತ್ತರ ವಿರುದ್ಧ ದಿಕ್ಕಿನದು. ಐರೋಪ್ಯ ಒಕ್ಕೂಟದ ಹೊಸ ನಿಯಮ 2027ರ ಜುಲೈ 10ರಿಂದ ಕಂಪನಿಗಳು ಅನಾಮಿಕ ಕ್ರಿಪ್ಟೋ ಖಾತೆ ಇಡುವುದನ್ನು ನಿಷೇಧಿಸುತ್ತದೆ.

ನಮ್ಮಲ್ಲಿ ಈ ಪ್ರಶ್ನೆಯನ್ನು ಅಳೆಯಲು ಬೇಕಾದ ಮಾನದಂಡ ಆಗಲೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ. 2018ರ ಆಧಾರ್ ತೀರ್ಪಿನಲ್ಲಿ, ಪ್ರತಿ ಬ್ಯಾಂಕ್ ಖಾತೆಗೂ ಆಧಾರ್ ಜೋಡಣೆ ಕಡ್ಡಾಯ ಮಾಡಿದ್ದ ಅಕ್ರಮ ಹಣ ತಡೆ ನಿಯಮ ಉದ್ದೇಶಕ್ಕೆ ಮೀರಿದ್ದೆಂದು ರದ್ದಾಯಿತು. ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಿದ್ದದ್ದೂ ಅದೇ ಅನುಪಾತದ ಪರೀಕ್ಷೆಯಲ್ಲಿ. ಇಂದು ಎರಡು ಲಕ್ಷ ರೂಪಾಯಿಯ ಒಳಗಿನ ಒಡವೆಯನ್ನು ಪ್ಯಾನ್ ಇಲ್ಲದೆ ನಗದು ಕೊಟ್ಟು ಕೊಳ್ಳಬಹುದು. ನೋಂದಾಯಿತ ವಿನಿಮಯ ಕೇಂದ್ರದಲ್ಲಿ ನೂರು ರೂಪಾಯಿಯ ಬಿಟ್‌ಕಾಯಿನ್‌ಗೂ ಪ್ಯಾನ್, ವಿಳಾಸದ ದಾಖಲೆ, ಮುಖದ ಚಿತ್ರ ಬೇಕು. ಕ್ರಿಪ್ಟೋದ ಬಿಡಿ ವ್ಯವಹಾರಗಳಲ್ಲಿ 1,000 ಡಾಲರ್ ಮೀರಿದರೆ ಪರಿಶೀಲನೆ ಕಡ್ಡಾಯ ಎಂದು ಎಫ್‌ಎಟಿಎಫ್ 2019ರಲ್ಲಿ ಗೆರೆ ಎಳೆದಿದೆ. ಆ ಗೆರೆಯ ಕೆಳಗಿನ ಖರೀದಿಗೆ ಸ್ವಿಸ್ ರೈಲು ನಿಲ್ದಾಣದಲ್ಲಿ ಕೇಳಿದಷ್ಟನ್ನೇ ಕೇಳಿದರೆ ಸಾಲದೇ ಎಂಬ ಪ್ರಶ್ನೆಯನ್ನು ಹಣಕಾಸು ಸಚಿವಾಲಯದ ಮುಂದೆ ಇಡಬೇಕಾಗಿದೆ.