ಬೆಂಗಳೂರಿನಲ್ಲಿ ಪ್ರವಾಸಿ ವಸತಿ

ಪ್ರವಾಸ, ಪರೀಕ್ಷೆ, ಚಿಕಿತ್ಸೆ, ವ್ಯವಹಾರ ಮುಂತಾದ ಕಾರಣಗಳಿಗಾಗಿ ಬೆಂಗಳೂರಿಗೆ ಬರುವವರಿಗೆ ಛತ್ರ, ಲಾಡ್ಜ್, ಹೋಟೆಲ್, ಧರ್ಮಶಾಲೆ ಹಾಗೂ ಅತಿಥಿಗೃಹಗಳು ತಾತ್ಕಾಲಿಕ ವಸತಿ ಒದಗಿಸುತ್ತವೆ. ನಗರದ ವಿಸ್ತಾರ ಮತ್ತು ವಾಹನ ದಟ್ಟಣೆಯ ಕಾರಣ, ವಸತಿಯ ಆಯ್ಕೆಯಲ್ಲಿ ಬಾಡಿಗೆಯಷ್ಟೇ ಸ್ಥಳವೂ ಮುಖ್ಯವಾಗಿದೆ.

ಇತಿಹಾಸ

ನಗರದ ಹಳೆಯ ಹೋಟೆಲುಗಳಲ್ಲಿ ಒಂದಾದ ವೆಸ್ಟ್ ಎಂಡ್ 1887ರಲ್ಲಿ ಆರಂಭವಾಯಿತು. ಸಾಮಾನ್ಯ ಪ್ರಯಾಣಿಕರ ಅನುಕೂಲಕ್ಕಾಗಿ ವರ್ತಕ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಸಮೀಪ ಕಟ್ಟಿಸಿದ ಛತ್ರವು 1903ರಲ್ಲಿ ಪ್ರಾರಂಭಗೊಂಡಿತು.

ಪ್ರಮುಖ ಪ್ರದೇಶಗಳು

ಮೆಜೆಸ್ಟಿಕ್ ಮತ್ತು ಗಾಂಧಿನಗರ: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ ಹಾಗೂ ಕೆಂಪೇಗೌಡ ಬಸ್ ನಿಲ್ದಾಣಗಳಿಗೆ ಹೊಂದಿಕೊಂಡಿರುವ ಇಲ್ಲಿ ಕಡಿಮೆ ಬಾಡಿಗೆಯ ಲಾಡ್ಜ್‌ಗಳು ಹೆಚ್ಚು. ನಮ್ಮ ಮೆಟ್ರೊದ ನೇರಳೆ ಮತ್ತು ಹಸಿರು ಮಾರ್ಗಗಳು ಮೆಜೆಸ್ಟಿಕ್‌ನಲ್ಲಿ ಸಂಧಿಸುವುದರಿಂದ ನಗರದ ನಾಲ್ಕೂ ದಿಕ್ಕುಗಳಿಗೆ ಹೋಗುವುದು ಸುಲಭ.

ಮಹಾತ್ಮ ಗಾಂಧಿ ರಸ್ತೆ: ಕಬ್ಬನ್ ಉದ್ಯಾನ ಮತ್ತು ವಿಧಾನಸೌಧಕ್ಕೆ ಸಮೀಪವಿರುವ ಈ ಭಾಗದಲ್ಲಿ ಮಧ್ಯಮ ಹಾಗೂ ಐಷಾರಾಮಿ ಹೋಟೆಲುಗಳಿವೆ. ಇದು ನೇರಳೆ ಮಾರ್ಗದಲ್ಲಿದೆ.

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ: ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಿಗೆ ಬರುವವರು ಹೆಚ್ಚಾಗಿ ಇಲ್ಲಿ ತಂಗುತ್ತಾರೆ. ನೇರಳೆ ಮಾರ್ಗವು 2023ರಲ್ಲಿ ವೈಟ್‌ಫೀಲ್ಡ್‌ಗೂ, ಹಳದಿ ಮಾರ್ಗವು 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ನಗರದ ಒಳಭಾಗದಿಂದ ಸಂಪರ್ಕ ಕಲ್ಪಿಸಿದವು.

ದೇವನಹಳ್ಳಿ: 2008ರಲ್ಲಿ ಆರಂಭವಾದ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ನಗರದ ಕೇಂದ್ರದಿಂದ ಸುಮಾರು 35 ಕಿ.ಮೀ. ದೂರದಲ್ಲಿದೆ. ನಸುಕಿನ ವಿಮಾನ ಹಿಡಿಯುವವರಿಗೆ ಈ ಪ್ರದೇಶದ ಹೋಟೆಲುಗಳು ಅನುಕೂಲಕರ. ನಗರ ವೀಕ್ಷಣೆಗೆ ಬಂದವರಿಗೆ ದೂರವಾಗುತ್ತವೆ.

ರೋಗಿಗಳ ಸಂಬಂಧಿಕರ ವಸತಿ

ನಿಮ್ಹಾನ್ಸ್ ಮತ್ತು ಕಿದ್ವಾಯಿ ಆಸ್ಪತ್ರೆಗಳಿಗೆ ರಾಜ್ಯದ ಎಲ್ಲ ಭಾಗಗಳಿಂದ ರೋಗಿಗಳು ಬರುತ್ತಾರೆ. ಕ್ಯಾನ್ಸರ್‌ಗೆ ನೀಡುವ ವಿಕಿರಣ ಚಿಕಿತ್ಸೆ ಹಲವು ವಾರಗಳವರೆಗೆ ಮುಂದುವರಿಯಬಹುದಾದ್ದರಿಂದ, ಜೊತೆಗೆ ಬಂದವರಿಗೆ ವಸತಿಯ ವೆಚ್ಚವೇ ದೊಡ್ಡ ಹೊರೆಯಾಗುತ್ತದೆ. ಈ ಎರಡೂ ಸಂಸ್ಥೆಗಳಲ್ಲಿ ಇಂತಹವರಿಗಾಗಿ ಧರ್ಮಶಾಲೆಗಳಿವೆ. ಅಲ್ಲಿ ಸ್ಥಳ ಸಿಗದಾಗ ದೂರದ ಅಗ್ಗದ ಲಾಡ್ಜ್‌ಗಿಂತ ಆಸ್ಪತ್ರೆಗೆ ನಡೆದು ಹೋಗಬಹುದಾದ ಕೊಠಡಿಯೇ ಮಿತವ್ಯಯಕರವಾಗಬಹುದು. ಪ್ರತಿದಿನದ ಆಟೊ ವೆಚ್ಚವೂ ರೋಗಿಯ ಆಯಾಸವೂ ತಪ್ಪುತ್ತವೆ.

ನಿಯಮಗಳು

ಕೊಠಡಿ ಪಡೆಯುವಾಗ ಗುರುತಿನ ಚೀಟಿ ತೋರಿಸಬೇಕಾಗುತ್ತದೆ. ವಿದೇಶಿ ಅತಿಥಿಗಳ ವಿವರವನ್ನು ವಸತಿಗೃಹದವರು 24 ಗಂಟೆಗಳೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ಸಲ್ಲಿಸಬೇಕು. ಕೆಲವು ಲಾಡ್ಜ್‌ಗಳಲ್ಲಿ ಬಾಡಿಗೆಯನ್ನು ಒಳಬಂದ ಸಮಯದಿಂದ 24 ಗಂಟೆಗೆ ಲೆಕ್ಕ ಹಾಕಿದರೆ, ಹಲವು ಹೋಟೆಲುಗಳಲ್ಲಿ ಮಧ್ಯಾಹ್ನದ ನಿಗದಿತ ವೇಳೆಗೆ ಕೊಠಡಿ ತೆರವು ಮಾಡಬೇಕು. ಹೀಗಾಗಿ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗ್ಗೆ ತಲುಪುವವರಿಗೆ ಮೊದಲ ಪದ್ಧತಿ ಲಾಭದಾಯಕವಾಗಿದೆ.