ವಲಸೆ ಮತ್ತು ಹದಿಹರೆಯದ ಜನನ ದರ: ಅಮೆರಿಕ ಸಂಯುಕ್ತ ಸಂಸ್ಥಾನ

15ರಿಂದ 19 ವರ್ಷದ ಪ್ರತಿ 1,000 ಹೆಣ್ಣುಮಕ್ಕಳಿಗೆ ಒಂದು ವರ್ಷದಲ್ಲಿ ಹುಟ್ಟುವ ಶಿಶುಗಳ ಸಂಖ್ಯೆಯೇ ಹದಿಹರೆಯದ ಜನನ ದರ. ಅಮೆರಿಕದಲ್ಲಿ ವಲಸಿಗರು ಬಂದದ್ದರಿಂದಲೇ ಈ ದರ ಏರಿತೆಂಬ ವಾದ ಬಹುಕಾಲದಿಂದ ಇದೆ. ಅಂಕಿಅಂಶಗಳು ಅದನ್ನು ಒಪ್ಪುವುದಿಲ್ಲ. ದರ 96 ದಾಟಿ ತುತ್ತತುದಿ ಮುಟ್ಟಿದ್ದು 1957ರಲ್ಲಿ. ಆಗ ಹೊರದೇಶದಲ್ಲಿ ಹುಟ್ಟಿದವರ ಪಾಲು ತೀರ ಕಡಿಮೆ. ವಲಸೆಗೆ ದಾರಿ ಅಗಲಿಸಿದ ಕಾಯ್ದೆ ಬಂದದ್ದು 1965ರಲ್ಲಿ. 1991ರಲ್ಲಿ ಸುಮಾರು 62 ಇದ್ದ ದರ 2019ರ ಹೊತ್ತಿಗೆ 16.7ಕ್ಕೆ ಇಳಿಯಿತು. ವಲಸಿಗರ ಸಂಖ್ಯೆ ಭಾರಿಯಾಗಿ ಬೆಳೆದದ್ದು ಇದೇ ಅವಧಿಯಲ್ಲಿ.

ವಾದಕ್ಕೆ ಆಧಾರವೇ ಇಲ್ಲವೆಂದಲ್ಲ. ಲ್ಯಾಟಿನ್ ಅಮೆರಿಕ ಮೂಲದ ಹಿಸ್ಪಾನಿಕ್ ಹುಡುಗಿಯರಲ್ಲಿ 1991ರಲ್ಲಿ ದರ 100ಕ್ಕೂ ಮೇಲಿತ್ತು. 2019ರಲ್ಲಿ ಅದು 25ರ ಆಸುಪಾಸಿಗೆ ಬಂದರೂ ದೇಶದ ಸರಾಸರಿಗಿಂತ ಹೆಚ್ಚೇ ಉಳಿಯಿತು. ಆದರೆ ಹಿಸ್ಪಾನಿಕ್ ಎಂದರೆ ವಲಸಿಗ ಎಂದರ್ಥವಲ್ಲ. ಈ ಸಮುದಾಯದ ಬಹುಪಾಲು ಜನ ಅಮೆರಿಕದಲ್ಲೇ ಹುಟ್ಟಿದವರು. ಇನ್ನು ಏಷ್ಯಾ ಮೂಲದವರಲ್ಲಿ ವಲಸಿಗ ಕುಟುಂಬಗಳೇ ಹೆಚ್ಚು. ಭಾರತೀಯರೂ ಸೇರಿದ ಈ ಗುಂಪಿನ ದರ ಅದೇ ವರ್ಷ 3ಕ್ಕಿಂತ ಕಡಿಮೆ. ರಾಜ್ಯಗಳನ್ನು ಹೋಲಿಸಿದರೂ ಇದೇ ಕಾಣುತ್ತದೆ. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ವಲಸಿಗರಿರುವ ಕ್ಯಾಲಿಫೋರ್ನಿಯಾದಲ್ಲಿ 2019ರ ದರ ಸುಮಾರು 12; ವಲಸಿಗರು ಬೆರಳೆಣಿಕೆಯಷ್ಟಿರುವ ಮಿಸಿಸಿಪಿಯಲ್ಲಿ ಸುಮಾರು 29. ಬಡತನ, ಶಾಲೆ ಬಿಡುವುದು, ಗರ್ಭನಿರೋಧಕಗಳು ಸಿಗದಿರುವುದು ಇವೇ ದೊಡ್ಡ ಕಾರಣಗಳು.

ಲೆಕ್ಕದಲ್ಲೂ ತೊಡಕುಗಳಿವೆ. ಜನನ ಪತ್ರದಲ್ಲಿ ತಾಯಿ ಹುಟ್ಟಿದ ದೇಶ ಇರುತ್ತದೆ, ಅವಳು ಯಾವ ವಯಸ್ಸಿನಲ್ಲಿ ಬಂದಳೆಂಬುದು ಇರುವುದಿಲ್ಲ. ಆರರ ವಯಸ್ಸಿಗೆ ಬಂದು ಅಲ್ಲಿನ ಶಾಲೆಯಲ್ಲೇ ಬೆಳೆದವಳೂ ಮದುವೆಯಾಗಿ ಹತ್ತೊಂಬತ್ತಕ್ಕೆ ಗಂಡನ ಬಳಿಗೆ ಬಂದವಳೂ ಒಂದೇ ಪಟ್ಟಿಗೆ ಸೇರುತ್ತಾರೆ. ದಾಖಲೆಯಿಲ್ಲದವರು ಜನಗಣತಿಯಲ್ಲಿ ತಪ್ಪಿಹೋಗುವುದುಂಟು; ಅವರಿಗೆ ಹುಟ್ಟಿದ ಮಕ್ಕಳು ಮಾತ್ರ ಎಣಿಕೆಗೆ ಸಿಗುತ್ತಾರೆ. ಹಾಗಾಗಿ ದರ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು 2012ರ ‘ಡಾಕಾ’ ಯೋಜನೆಯ ಅನುಭವ. ಬಾಲ್ಯದಲ್ಲೇ ಬಂದ, ದಾಖಲೆಯಿಲ್ಲದ ಯುವಜನರನ್ನು ಗಡೀಪಾರಿನಿಂದ ತಾತ್ಕಾಲಿಕವಾಗಿ ಕಾಪಾಡಿ, ಕೆಲಸ ಮಾಡಲು ಪರವಾನಗಿ ಕೊಟ್ಟ ಯೋಜನೆಯಿದು. ಶಾಲೆಯಲ್ಲಿ ಓದುತ್ತಿರಬೇಕು ಅಥವಾ ಓದು ಮುಗಿಸಿರಬೇಕು ಎಂಬುದು ಅದರ ಷರತ್ತು. ಅರ್ಥಶಾಸ್ತ್ರಜ್ಞರಾದ ಎಲಿರಾ ಕುಕಾ, ನಾಮಾ ಶೆನ್‌ಹಾವ್ ಮತ್ತು ಕೆವಿನ್ ಶಿ ನಡೆಸಿದ ಅಧ್ಯಯನದ ಪ್ರಕಾರ, ಅರ್ಹರಲ್ಲಿ ಪ್ರೌಢಶಿಕ್ಷಣ ಮುಗಿಸುವವರು ಹೆಚ್ಚಿದರು, ಹದಿಹರೆಯದ ಹೆರಿಗೆಗಳು ಸುಮಾರು ಶೇ. 45ರಷ್ಟು ತಗ್ಗಿದವು. ಹುಡುಗಿಯರ ದೇಶ, ಭಾಷೆ, ಮನೆತನ ಯಾವುದೂ ಬದಲಾಗಿರಲಿಲ್ಲ. ಓದಿದರೆ ಕೆಲಸ ಸಿಕ್ಕೀತು ಎಂಬ ಭರವಸೆಯೊಂದು ಹೊಸದಾಗಿ ಬಂದಿತ್ತು. ಆದರೆ 2007ರ ಜೂನ್ 15ರಿಂದ ಅಮೆರಿಕದಲ್ಲಿ ಸತತವಾಗಿ ನೆಲೆಸಿದ್ದವರಿಗಷ್ಟೇ ಡಾಕಾ ಅನ್ವಯ. 2021ರಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯವೊಂದು ಹೊಸ ಅರ್ಜಿಗಳ ಮಂಜೂರಾತಿಯನ್ನೂ ತಡೆಯಿತು. ಈಗ ಅಲ್ಲಿನ ಪ್ರೌಢಶಾಲೆಗಳಲ್ಲಿರುವ ದಾಖಲೆಯಿಲ್ಲದ ಹುಡುಗಿಯರಲ್ಲಿ ಹೆಚ್ಚುಕಡಿಮೆ ಎಲ್ಲರೂ ಆ ತಾರೀಖಿನ ನಂತರ ಬಂದವರು.